ಕೂಡೂರಿನ ಆರು ಪಟ್ಟಿಗಳು

ಜನವರಿ 8, ಬುಧವಾರ

ಸಂಜೆ ಏಳು ಗಂಟೆ. ಇವತ್ತು ಎರಡು ಥೀಸಿಸ್‌ಗೆ ರಟ್ಟು ಹಾಕಿದೆ. ಬೆನ್ನು ಕಿತ್ತುಹೋದ ಒಂದು ನಿಘಂಟಿಗೆ ಹೊಸ ಬಟ್ಟೆ ಅಂಟಿಸಿದೆ. ಮಧ್ಯಾಹ್ನ ಅನ್ನ, ನಿನ್ನೆಯ ಸಾರು. ಆಡಿದ ಮಾತು ಹದಿನಾಲ್ಕು. ಹಾಲಿನವನಿಗೆ ಎರಡು, ಎದುರು ಮನೆಯ ನಾಯಿಗೆ ಒಂದು, ಉಳಿದವು ಗಿರಾಕಿಗಳಿಗೆ.

ಮಂಗಳಾ ಹೋದ ಮೇಲೆ ಈ ಎಣಿಕೆ ಶುರುವಾಯಿತು. ಆಸ್ಪತ್ರೆಯಲ್ಲಿ ಕೊನೆಯ ವಾರ ಅವಳು, "ಏನಾದ್ರೂ ಮಾತಾಡ್ರೀ" ಅಂದಳು. "ಏನ್ ಮಾತಾಡ್ಲಿ?" ಅಂದೆ. ಅವಳು ನಕ್ಕು ಗೋಡೆಯ ಕಡೆ ತಿರುಗಿ ಮಲಗಿದಳು. ಮೂವತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವಳಿಗೆ ಕೊಡದೆ ಉಳಿಸಿಕೊಂಡ ಮಾತು ಈಗ ಯಾರ ಪಾಲಾಗುತ್ತದೆ ನೋಡೋಣ ಎಂದು ದಿನವೂ ಎಣಿಸುತ್ತೇನೆ. ಇಲ್ಲಿ ಬರೆದದ್ದು ಎಣಿಕೆಗೆ ಬರುವುದಿಲ್ಲ.

ಜನವರಿ 9, ಗುರುವಾರ

ಲಹರಿ ಎಂಬ ಹುಡುಗಿ ಥೀಸಿಸ್ ತಂದಳು. ಐದು ಪ್ರತಿ, ಕಡುನೀಲಿ ರೆಕ್ಸಿನ್, ಚಿನ್ನದ ಅಕ್ಷರ. ಅಕ್ಷರ ಒತ್ತಬೇಕಾದ್ದರಿಂದ ಶೀರ್ಷಿಕೆ ಮಾತ್ರ ಓದಿದೆ. "ಯಂತ್ರದಿಂದ ಬೆಸೆದ ಮನಸ್ಸುಗಳು: ಸಾಹಿತ್ಯದಲ್ಲಿ ಆದರ್ಶ ಸಮಾಜದ ಕನಸು." ಇಷ್ಟುದ್ದ ಬೆನ್ನಿಗೆ ಹಿಡಿಸುವುದಿಲ್ಲ.

"ಏನಮ್ಮ ಇದು?" ಅಂದೆ.

"ಎಲ್ಲರ ತಲೆನೂ ಮಷಿನ್ನಿಂದ ಒಂದಕ್ಕೊಂದು ಸೇರಿಸ್ಬಿಟ್ರೆ ಜಗಳ, ಸುಳ್ಳು, ಒಂಟಿತನ ಯಾವ್ದೂ ಇರಲ್ಲ ಅಂತ ಕಥೆ ಬರೀತಾರಲ್ಲ ಸಾರ್, ಅಂಥವುಗಳ ಮೇಲೆ."

"ನಮ್ಮನೆಯವಳೂ ಅಂಥದ್ದೇ ಏನೋ ಬರೀತಿದ್ಲು."

ಅಂದ ಮೇಲೆ ಗೊತ್ತಾಯಿತು, ಅಂದುಬಿಟ್ಟೆನೆಂದು. ಹುಡುಗಿ ಹೊರಟವಳು ತಿರುಗಿ ಬಂದು ಸ್ಟೂಲಿನ ಮೇಲೆ ಕೂತಳು.

ಮಂಗಳಾ ಟೆಲಿಫೋನ್ ಆಪರೇಟರ್ ಆಗಿದ್ದವಳು. ಟ್ರಂಕ್ ಕಾಲ್ ಕಾಲದಲ್ಲಿ ಬೋರ್ಡಿನ ಮುಂದೆ ಕೂತು ಊರೂರಿಗೆ ತಂತಿ ಸಿಕ್ಕಿಸುತ್ತಿದ್ದಳು. ನಿವೃತ್ತಿಯಾದ ಮೇಲೆ ಮಧ್ಯಾಹ್ನದ ಹೊತ್ತು ನೋಟ್‌ಬುಕ್ಕಿನಲ್ಲಿ ಬರೆಯುವುದು ಶುರು ಮಾಡಿದಳು. ಒಂದು ಸಲ ಕೇಳಿದ್ದೆ. "ಒಂದು ಊರು ಕಟ್ತಾ ಇದೀನಿ. ಅಲ್ಲಿ ಎಲ್ಲರ ತಲೆಗೂ ಲೈನ್ ಕೊಡ್ತೀನಿ" ಅಂದಳು. "ಸರಿ" ಅಂದೆ. ಅಷ್ಟೇ.

"ಆ ನೋಟ್‌ಬುಕ್ ನೋಡ್ಬೋದಾ ಸಾರ್?" ಅಂದಳು ಲಹರಿ.

"ಬೈಂಡ್ ಮಾಡಿ ಕೊಡ್ತೀನಿ."

ಬರುವ ತಿಂಗಳು ಎರಡಕ್ಕೆ ಮಂಗಳಾಳ ವರ್ಷದ ಸ್ಮರಣೆ. ಅವಳ ಫೋಟೋದ ಮುಂದೆ ಪುಸ್ತಕ ಇಡಬಹುದು. ಬೈಂಡರ್‌ನ ಹೆಂಡತಿಯ ಬರಹ ಬಿಡಿಬಿಡಿಯಾಗಿ ಟ್ರಂಕಿನಲ್ಲಿ ಬಿದ್ದಿರುವುದು ಸರಿಯಲ್ಲ.

ಮಾತು ನಲವತ್ತೊಂದು. ವರ್ಷದಲ್ಲೇ ಹೆಚ್ಚು.

ಜನವರಿ 11, ಶನಿವಾರ

ಮನೆಯ ಮುಂದಿನ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಮಂಗಳಾಳ ಐದು ನೋಟ್‌ಬುಕ್ಕುಗಳನ್ನೂ ಬಿಚ್ಚಿದೆ. ಪಿನ್ನು ಕಿತ್ತು, ಹೊಲಿದು, ಒಂದೇ ಪುಸ್ತಕ ಮಾಡಿ, ಬೆನ್ನಿಗೆ ಗೋಂದು ಹಾಕಿ ಒತ್ತಿಟ್ಟೆ. ಸಂಜೆ ಕಟಿಂಗ್ ಮೆಷಿನ್ನಿಗೆ ಕೊಟ್ಟು ಮೂರು ಕಡೆಯೂ ಅಂಚು ಕತ್ತರಿಸಿದೆ. ಅಲಗನ್ನು ನಿನ್ನೆಯೇ ಸಾಣೆ ಹಿಡಿಸಿ ತಂದಿದ್ದೆ. ಬೆಣ್ಣೆ ಕೊಯ್ದ ಹಾಗೆ ಇಳಿಯಿತು. ಐವತ್ತು ವರ್ಷದಲ್ಲಿ ಇಷ್ಟು ಚೊಕ್ಕವಾಗಿ ಯಾವ ಪುಸ್ತಕಕ್ಕೂ ಕಟಿಂಗ್ ಹಾಕಿಲ್ಲ.

ಒಂದು ಸಾಲೂ ಓದಲಿಲ್ಲ. ಕೆಲಸ ಕಲಿಸಿದ ಲಿಂಗಯ್ಯನವರು ಹೇಳುತ್ತಿದ್ದರು, "ಬೈಂಡರ್ ಆದೋನು ಓದ್ಬಾರ್ದು ಕಣೋ. ಓದ್ತಾ ಕೂತ್ರೆ ಹಾಳೆ ಹಿಂದುಮುಂದಾಯ್ತದೆ." ಅಳತೆಪಟ್ಟಿ ನೋಡಬೇಕು, ಅಕ್ಷರ ನೋಡಬಾರದು.

ಮಾತು ಮೂರು.

ಜನವರಿ 13, ಸೋಮವಾರ

ಪ್ರತಿ ಸೋಮವಾರದಂತೆ ರದ್ದಿಯ ಸಣ್ಣಮಾದಯ್ಯ ಬಂದು ಕತ್ತರಿಸಿದ ಅಂಚುಗಳ ಚೀಲ ಹೊತ್ತುಕೊಂಡು ಹೋದ.

ಪುಸ್ತಕಕ್ಕೆ ರಟ್ಟು ಹಾಕಿ ಮುಗಿಸಿದೆ. ಇನ್ನು ಹಾಳೆ ಹಿಂದುಮುಂದಾಗುವ ಭಯವಿಲ್ಲ. ಓದಲು ಕೂತೆ.

ಊರಿನ ಹೆಸರು ಕೂಡೂರು. ನಮ್ಮೂರ ಹೊರಗಿನ ಇಲವಾಲದಿಂದ ಎರಡು ಮೈಲಿ ಆಚೆ. ನಲವತ್ತು ಸಾವಿರ ಜನ, ಒಬ್ಬೊಬ್ಬರ ಕಿವಿಯ ಹಿಂದೆಯೂ ರಾಗಿಕಾಳಿನಷ್ಟು ಯಂತ್ರ. ಅಲ್ಲಿಂದ ಹೊರಟ ತಂತಿಗಳೆಲ್ಲ ಒಂದೇ ಕೋಣೆಗೆ ಬರುತ್ತವೆ. ಅಲ್ಲಿ ಒಬ್ಬ ಆಪರೇಟರ್ ಕೂತಿದ್ದಾಳೆ. ಯಾರ ಮನಸ್ಸಿಗೆ ಯಾರ ಮನಸ್ಸು ಬೇಕೋ ತಂತಿ ಸಿಕ್ಕಿಸಿ ಕೊಡುತ್ತಾಳೆ. ಸುಳ್ಳಿಲ್ಲ, ಜಗಳವಿಲ್ಲ. ಹೆಣ್ಣು ನೋಡುವ ಶಾಸ್ತ್ರ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಒಬ್ಬ ಹುಡುಗ ಮಗ್ಗಿ ಕಲಿತರೆ ಶಾಲೆಗೆಲ್ಲ ಬರುತ್ತದೆ.

ತೊಂದರೆಯೂ ಉಂಟು. ಒಬ್ಬನಿಗೆ ನೆಗಡಿಯಾದರೆ ನಲವತ್ತು ಸಾವಿರ ಜನ ಸೀನುತ್ತಾರೆ. ಒಬ್ಬ ಅಜ್ಜಿ ತವರುಮನೆಯ ಹಲಸಿನ ಮರ ನೆನೆದಳೆಂದು, ಆ ಮರವನ್ನೇ ನೋಡದ ಊರು ಸಂಜೆಯವರೆಗೆ ಅಳುತ್ತದೆ. ಅದಕ್ಕೇ ಆಪರೇಟರ್ ಮೂರು ನಿಮಿಷಕ್ಕೊಮ್ಮೆ, "ಮೂರು ನಿಮಿಷ ಆಯ್ತು. ಮುಂದುವರಿಸಲಾ?" ಎಂದು ಕೇಳಲೇಬೇಕು. ಟ್ರಂಕ್ ಕಾಲಿನಲ್ಲಿ ಮಂಗಳಾ ಕೇಳುತ್ತಿದ್ದದ್ದೂ ಇದನ್ನೇ. ಅದಕ್ಕಿಂತ ಹೆಚ್ಚು ಹೊತ್ತು ಕೂಡಿಸಿಟ್ಟರೆ ಯಾರ ಹಲ್ಲು ಯಾರ ಬಾಯಲ್ಲಿ ನೋಯುತ್ತಿದೆ ಎಂದು ತಿಳಿಯುವುದಿಲ್ಲವಂತೆ.

ಇವಳ ತಲೆಯಲ್ಲಿ ಇಷ್ಟೆಲ್ಲ ಇತ್ತೇ? ನಾನು ಆಚೆ ಕೋಣೆಯಲ್ಲೇ ಗೋಂದು ಕಾಯಿಸುತ್ತ ಕೂತಿದ್ದೆನಲ್ಲ.

ಮಾತು ಐದು.

ಜನವರಿ 14, ಮಂಗಳವಾರ

ಸಂಕ್ರಾಂತಿ. ಈ ವರ್ಷ ಮನೆಯಲ್ಲಿ ಹಬ್ಬ ಮಾಡುವಂತಿಲ್ಲ. ಆದರೂ ಬೋರಮ್ಮನವರು ಎಳ್ಳು ಬೆಲ್ಲದ ಡಬ್ಬಿ ಹಿಡಿದು ಬಂದರು. ಮಂಗಳಾಳ ಪಕ್ಕದ ಕುರ್ಚಿಯಲ್ಲೇ ಮೂವತ್ತು ವರ್ಷ ಕೆಲಸ ಮಾಡಿದವರು. ಮೂವತ್ತು ವರ್ಷ ಕೆಟ್ಟ ಲೈನಿನಲ್ಲಿ ಕೂಗಿ ಕೂಗಿ ದನಿ ಜೋರಾಗಿಯೇ ಉಳಿದುಬಿಟ್ಟಿದೆ.

"ಹಬ್ಬ ಮಾಡ್ಬಾರ್ದು ಅಂತವ್ರೆ, ತಿನ್ಬಾರ್ದು ಅಂತ ಯಾರೂ ಏಳಿಲ್ಲ. ತಗೊಳಿ. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ. ಒಳ್ಳೇದು ಬ್ಯಾಡ ಬುಡಿ, ಯಾವ್ದಾರ ಒಂದು ಮಾತಾಡಿ ಸಾಕು."

ಅವರಿಗೆ ಪುಸ್ತಕ ತೋರಿಸಿದೆ. ಸೋಫಾದ ಮೇಲೆ ಕಾಲು ಮಡಿಚಿ ಕೂತು ನಡುವಿನಿಂದ ಓದತೊಡಗಿದರು. ಹತ್ತು ನಿಮಿಷಕ್ಕೆ ಕಿರುಚಿದರು.

"ಇದೇನ್ರೀ, ಈ ಬೂದಮ್ಮ ಅನ್ನೋಳು ಕದ್ದು ಕೇಳಿಸ್ಕಂಡು ಊರಿಗೆಲ್ಲ ಟಾಂಟಾಂ ಒಡೀತಾಳಲ್ಲ, ಇದು ನಾನಾ?"

"ಗೊತ್ತಿಲ್ಲ" ಅಂದೆ.

"ಗೊತ್ತಿಲ್ವಂತೆ! ಮಂಗಳೀ, ನೀ ಇದ್ದಿದ್ರೆ ಆಗಿತ್ತು ನಿಂಗೆ!" ಎಂದು ಫೋಟೋದ ಕಡೆ ಬೆರಳು ತೋರಿಸಿದರು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಮತ್ತೆ ಓದಿದರು. ಹೋಗುವಾಗ, ಸ್ಮರಣೆಯ ದಿನ ಹಳೇ ಆಪರೇಟರುಗಳನ್ನೆಲ್ಲ ಸೇರಿಸಿ ಇದನ್ನು ಗಟ್ಟಿಯಾಗಿ ಓದಿಸಬೇಕು ಎಂದು ಅವರೇ ತೀರ್ಮಾನಿಸಿಬಿಟ್ಟರು. ನಾನು "ಸರಿ" ಅಂದೆ.

ಮಾತು ಇಪ್ಪತ್ತೆರಡು. ಎಳ್ಳು ಬೆಲ್ಲ ನಾಲ್ಕು ಚಮಚ.

ಜನವರಿ 16, ಗುರುವಾರ

ಕೂಡೂರಿನ ಕೊನೆಯ ಮನೆಯಲ್ಲಿ ಹಗ್ಗ ಹೊಸೆಯುವ ಮುದ್ದಯ್ಯ ಎಂಬುವನಿದ್ದಾನೆ. ಅವನ ಲೈನಿಗೆ ತಂತಿ ಸಿಕ್ಕಿಸಿದರೆ ಏನೂ ಕೇಳಿಸುವುದಿಲ್ಲ. ಕೆಟ್ಟಿರಬೇಕೆಂದು ಮೂರು ಸಲ ರಿಪೇರಿ ಮಾಡಿಸಿದರು. ಕೆಟ್ಟಿಲ್ಲ. ಮನುಷ್ಯನೇ ಹಾಗೆ. ಮೂಗಿನ ತುದಿಗೆ ಕನ್ನಡಕ. ಕರೆದರೆ ಎರಡನೆಯ ಸಲಕ್ಕೆ "ಹ್ಞೂಂ" ಅನ್ನುತ್ತಾನೆ. ಸಾರಿಗೆ ಉಪ್ಪು ಹೆಚ್ಚಾದರೂ ಹೇಳದೆ ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಾನೆ. ಇಂಥವನೊಬ್ಬನನ್ನು ಎಲ್ಲೋ ನೋಡಿದ್ದೇನೆ, ನೆನಪಾಗಲಿಲ್ಲ.

ಬೋರಮ್ಮನವರು ಸಂಜೆ ಡಬ್ಬಿ ತೆಗೆದುಕೊಂಡು ಹೋಗಲು ಬಂದಾಗ ಆ ಪುಟ ತೋರಿಸಿ ಯಾರಿರಬಹುದು ಎಂದು ಕೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. ಕನ್ನಡಕ ನೋಡಿದರು.

"ಅದು ನೀವೇ ಕಣ್ರೀ!"

"ಹ್ಞೂಂ?" ಅಂದೆ.

ಅವರು ನಗುತ್ತಲೇ ಇದ್ದರು. ಡಬ್ಬಿ ಇಲ್ಲೇ ಬಿಟ್ಟುಹೋದರು.

ಜನವರಿ 18, ಶನಿವಾರ

ಪುಸ್ತಕ ಮುಗಿಯಿತು. ಮುಗಿಯಿತು ಅನ್ನುವುದು ಹೇಗೆ?

ಕೊನೆಯ ಅಧ್ಯಾಯದಲ್ಲಿ ಕೂಡೂರಿನ ಪಂಚಾಯತಿ ಸೇರುತ್ತದೆ. ಎಲ್ಲರೂ ಒಂದಾಗಿರುವ ಊರಿನಲ್ಲಿ ಮುದ್ದಯ್ಯನೊಬ್ಬ ಏನೂ ಕೊಡದೆ ಕೂತಿದ್ದಾನೆ, ಇವನ ತಂತಿ ಕಿತ್ತು ಇಲವಾಲದ ಆಚೆಗೆ ಕಳಿಸಬೇಕು ಎಂದು ಆಪರೇಟರಿಗೆ ಹುಕುಂ ಕೊಡುತ್ತಾರೆ. "ಅವಳು ಮುದ್ದಯ್ಯನ ತಂತಿಯನ್ನು ಕೈಗೆ ತೆಗೆದುಕೊಂಡಳು." ಅಲ್ಲಿಗೆ ಕೊನೆಯ ಪುಟದ ಕೊನೆಯ ಸಾಲು.

ಕಿತ್ತಳೋ, ಬಿಟ್ಟಳೋ?

ಬೆಳಿಗ್ಗೆಯಿಂದ ಕೆಲಸಕ್ಕೆ ಕೈ ಹಾಕಲಾಗಲಿಲ್ಲ. ಆಸ್ಪತ್ರೆಯಲ್ಲಿ ಮಂಗಳಾ ಗೋಡೆಯ ಕಡೆ ತಿರುಗಿದ್ದು ನೆನಪಾಗುತ್ತದೆ.

ಮೂರು ಗಂಟೆಗೆ ಲಹರಿ ಬಂದಳು. ಪುಸ್ತಕ ಕೊಟ್ಟೆ. ಕೊನೆಯ ಪುಟಗಳನ್ನು ತಿರುಗಿಸಿದವಳು ಕಿಟಕಿಯ ಬೆಳಕಿಗೆ ಹಿಡಿದಳು.

"ಸಾರ್, ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಏನೋ ಇದೆ. ಅಡ್ಡಡ್ಡ ಬರೆದಿದಾರೆ. ಬರೀ ಒತ್ತಕ್ಷರಗಳೇ ಇವೆ, ಮೇಲಿನ ಅಕ್ಷರ ಇಲ್ಲ."

ಪುಸ್ತಕ ಅವಳ ಕೈಯಿಂದ ತೆಗೆದುಕೊಂಡು ನೋಡಿದೆ. ಇನ್‌ಲ್ಯಾಂಡ್ ಲೆಟರ್ ಬರೆಯುವಾಗ ಮಂಗಳಾ ಯಾವತ್ತೂ ಜಾಗ ಬಿಡುತ್ತಿರಲಿಲ್ಲ. ಹಾಳೆ ತುಂಬಿದರೆ ತಿರುಗಿಸಿಕೊಂಡು ಅಂಚಿನಲ್ಲಿ ಬರೆಯುವಳು, ಅದೂ ತುಂಬಿದರೆ ಮಡಿಚುವ ಕಿವಿಯ ಮೇಲೆ. ನೋಟ್‌ಬುಕ್ ತುಂಬಿದಾಗಲೂ ಹಾಗೇ ಮಾಡಿದ್ದಾಳೆ. ಕೊನೆಯ ಹನ್ನೆರಡು ಪುಟಗಳ ಅಂಚಿನಲ್ಲಿ ಕಥೆಯ ಕೊನೆ ಬರೆದಿದ್ದಾಳೆ. ನಾನು ಸಾಣೆ ಹಿಡಿಸಿದ ಅಲಗಿನಲ್ಲಿ ಅದನ್ನು ಕತ್ತರಿಸಿ ರದ್ದಿಗೆ ಹಾಕಿದ್ದೇನೆ.

ಹನ್ನೆರಡು ಪುಟ, ಆರು ಹಾಳೆ. ಆರು ಪಟ್ಟಿಗಳು. ಸಣ್ಣಮಾದಯ್ಯನಿಗೆ ಫೋನ್ ಮಾಡಿದೆ. ಲೋಡು ಗಿರಣಿಗೆ ಹೋಗುವುದು ಸೋಮವಾರ ಎಂದ.

ಜನವರಿ 19, ಭಾನುವಾರ

ಸಣ್ಣಮಾದಯ್ಯನ ಗೋಡೌನು ಇಲವಾಲದ ಆಚೆ. ನಾನು, ಬೋರಮ್ಮನವರು, ಲಹರಿ ಬಸ್ಸಿನಲ್ಲಿ ಹೋದೆವು. ಕೂಡೂರು ಇರಬೇಕಾದ ಜಾಗ ಹೆಚ್ಚುಕಡಿಮೆ ಅದೇ. ಅಲ್ಲಿ ತಗಡಿನ ಶೆಡ್ಡು, ಮೂರಾಳೆತ್ತರ ಕಾಗದ, ಮೇಲೆ ಮಲಗಿದ ಒಂದು ಮೇಕೆ.

"ಯಜಮಾನ್ರೆ, ಎಲ್ಡು ಬೆಳ್ಳಗಲದ ಪಟ್ಟಿ ಉಡುಕಕ್ಕೆ ಬಂದ್ರಾ? ರಾಗಿ ರಾಶೀಲಿ ಸಾಸಿವೆ ಉಡುಕ್ದಂಗಾಯ್ತು" ಅಂದ ಸಣ್ಣಮಾದಯ್ಯ.

"ಹುಡುಕ್ತೀವಿ" ಅಂದೆ.

"ಮೇಕೆ ತಿಂದಿದ್ರೆ?"

"ಮೇಕೆ ತಿಂದ್ರೆ ಮೇಕೆ ತಲೆಗೇ ಲೈನ್ ಕೊಡೋದು ಬುಡು!" ಎಂದು ಬೋರಮ್ಮನವರು ಗದರಿದರು.

ಹೋಗುವಾಗ ಬಸ್ಸಿನಲ್ಲಿ ಲಹರಿ ಒಂದು ವಿಷಯ ಹೇಳಿದ್ದಳು. ಅವಳು ಓದಿದ ಕಥೆಗಳಲ್ಲೆಲ್ಲ ಮನಸ್ಸುಗಳು ತಾವಾಗಿಯೇ ಕೂಡಿಕೊಳ್ಳುತ್ತವಂತೆ. ಆಮೇಲೆ ಸ್ವರ್ಗವಾಗುತ್ತದೆ, ಇಲ್ಲ ನರಕವಾಗುತ್ತದೆ. "ಮಧ್ಯೆ ಕೂತು ತಂತಿ ಸಿಕ್ಕಿಸೋರು ಯಾರು, ಅವರಿಗೆ ಊಟದ ಬಿಡುವಿದೆಯಾ, ಅವರ ಕಿವಿಗೆ ಸುಸ್ತಾಗಲ್ವಾ ಅಂತ ಯಾರೂ ಕೇಳಿಲ್ಲ ಸಾರ್. ನಾನೂ ನಾನ್ನೂರು ಪುಟ ಬರೆದೆ, ನಂಗೂ ಹೊಳೀಲಿಲ್ಲ." ಅದಕ್ಕೆ ನಾನು, ಮಂಗಳಾ ಕೆಲಸದಿಂದ ಬಂದವಳೇ ನನ್ನ ಕಟಿಂಗ್ ಮೆಷಿನ್ನಿನ ಪಕ್ಕದ ಬೆಂಚಿನಲ್ಲಿ ಅರ್ಧ ಗಂಟೆ ಸುಮ್ಮನೆ ಕೂರುತ್ತಿದ್ದಳು, ಒಳಗೆ ಫ್ಯಾನ್ ಇದ್ದರೂ ಅಲ್ಲೇ ಕೂರುತ್ತಿದ್ದಳು, ಯಾಕೆಂದು ನಾನು ಕೇಳಲಿಲ್ಲ ಎಂದು ಹೇಳಿದೆ. ಇಲವಾಲ ಬಂದದ್ದೇ ತಿಳಿಯಲಿಲ್ಲ.

ನಮ್ಮ ಅಂಗಡಿಯ ಚೀಲ ಸಿಕ್ಕಿತು. ಬಾಯಿ ಬಿಚ್ಚಿತ್ತು. ಸಣ್ಣಮಾದಯ್ಯ ತನ್ನ ಗೂಡ್ಸ್ ಆಟೋದಲ್ಲಿ ಚೀಲವನ್ನೂ ನಮ್ಮನ್ನೂ ಒಟ್ಟಿಗೆ ಹಾಕಿಕೊಂಡು ಬಂದು ಇಳಿಸಿದ. ಬೋರಮ್ಮನವರು ಚೀಲದ ಮೇಲೆ ಕೂತು ನಮ್ಮ ಸರಸ್ವತಿಪುರಂ ಪ್ರವೇಶ ಮಾಡಿದ್ದನ್ನು ನಾಲ್ಕು ಜನ ನೋಡಿದರು.

ಜನವರಿ 22, ಬುಧವಾರ

ಮೂರು ದಿನದಿಂದ ನಡುಮನೆಯ ತುಂಬ ಪಟ್ಟಿಗಳು. ಫ್ಯಾನ್ ಹಾಕುವಂತಿಲ್ಲ. ಮೊನ್ನೆ ಬೋರಮ್ಮನವರು ಒಂದು ಸೀನು ಸೀನಿ ಅರ್ಧ ದಿನದ ಕೆಲಸ ಹಾರಿಸಿದರು. "ಕೂಡೂರಾಗಿದ್ರೆ ನಲವತ್ತು ಸಾವಿರ ಜನ ಸೀನಿರೋರು" ಅಂದೆ. ಲಹರಿ ನಕ್ಕು ನಕ್ಕು ಮತ್ತಷ್ಟು ಹಾರಿಸಿದಳು.

ಥೀಸಿಸ್ಸಿನ ಪಟ್ಟಿಗಳು ಅಚ್ಚ ಬಿಳಿ, ಖಾಲಿ. ಮಂಗಳಾಳದು ಹಳದಿಗೆ ತಿರುಗಿದ ಗೆರೆ ಕಾಗದ. ಲಹರಿ ಬೇರ್ಪಡಿಸುವುದು, ಬೋರಮ್ಮನವರು ಅಕ್ಷರ ಗುರುತಿಸುವುದು, ನಾನು ಪುಟಕ್ಕೆ ತಾಗಿಸಿ ನೋಡುವುದು. ಮಂಗಳಾಳ "ಳ" ಯಾವಾಗಲೂ ಬಾಲ ಎಳೆದುಕೊಂಡಿರುತ್ತದೆ ಎಂದು ನಾನು ಹೇಳಿದೆ. ನಿಮಗೆ ಹೇಗೆ ಗೊತ್ತು, ನೀವು ಅಕ್ಷರ ನೋಡೋದಿಲ್ಲವಲ್ಲ ಎಂದು ಲಹರಿ ಕೇಳಿದಳು. ಅವಳು ಬರೆದ ದಿನಸಿ ಚೀಟಿ ನೋಡುತ್ತಿದ್ದೆ.

ನಾಲ್ಕು ಪಟ್ಟಿ ಸಿಕ್ಕಿವೆ. ಯಾರೂ ಮೊದಲೇ ಓದಬಾರದು, ಎಲ್ಲ ಸಿಕ್ಕ ಮೇಲೆ ಕ್ರಮವಾಗಿ ಓದಬೇಕು ಎಂದು ನಾನೇ ಕಟ್ಟುನಿಟ್ಟು ಮಾಡಿದ್ದೇನೆ. ಬೋರಮ್ಮನವರು ಕದ್ದು ಓದಿದರು. "ಬೂದಮ್ಮ!" ಅಂದೆ. ಅವರು ಪಟ್ಟಿಯನ್ನು ಮೆಲ್ಲಗೆ ಕೆಳಗಿಟ್ಟರು.

ಜನವರಿ 25, ಶನಿವಾರ

ಐದನೆಯದೂ ಸಿಕ್ಕಿತು. ಚೀಲ ಖಾಲಿ. ಕೊನೆಯ ಹಾಳೆಯ ಪಟ್ಟಿ ಇಲ್ಲ.

ಇನ್ನು ಕಾಯಲು ಆಗಲಿಲ್ಲ. ಇರುವ ಐದನ್ನೂ ಅಂಟಿಸಿ ಓದಿದೆವು. ಇಲ್ಲಿ ನಕಲು ಮಾಡುತ್ತೇನೆ.

"ಕೀಳಲಿಲ್ಲ. ಮುದ್ದಯ್ಯನ ತಂತಿ ಹಿಡಿದುಕೊಂಡೇ ಅವಳು ನಲವತ್ತು ಸಾವಿರ ತಂತಿಗಳನ್ನೂ ಒಂದೊಂದಾಗಿ ತಂದು ಅದಕ್ಕೇ ಕೂಡಿಸಿದಳು. ಊರಿನ ಸದ್ದು ನಿಂತಿತು. ಮೊದಲನೆಯ ನಿಮಿಷ ಜನ ಹೆದರಿದರು. ಎರಡನೆಯ ನಿಮಿಷ ಹಗ್ಗ ಹೊಸೆಯುವ ಸದ್ದು ಕೇಳಿಸಿತು, ದಿನಾ ಸಂಜೆ ಅವಳು ಕೇಳುತ್ತಿದ್ದದ್ದು ಅದನ್ನೇ. ಮೂರನೆಯ ನಿಮಿಷ ಒಬ್ಬೊಬ್ಬರಿಗೂ ಅವರವರ ಮನಸ್ಸು ಕೇಳಿಸಿತು. ಅದರ ದನಿ ಹೇಗಿತ್ತೆಂದು ಅವರು ಮರೆತೇಬಿಟ್ಟಿದ್ದರು. 'ಮೂರು ನಿಮಿಷ ಆಯ್ತು. ಮುಂದುವರಿಸಲಾ?' ಎಂದಳು ಆಪರೇಟರ್. ಆಗ ನಲವತ್ತು ಸಾವಿರ ಜನರೂ ಒಟ್ಟಿಗೆ"

ಅಷ್ಟೇ.

ಬೋರಮ್ಮನವರು, "ಮುಂದುವರಿಸು ಅಂದಿರ್ತಾರೆ ಬುಡಿ" ಅಂದರು. ಲಹರಿ, ಹೀಗೆ ನಿಂತರೂ ಚೆನ್ನಾಗಿದೆ ಅಂದಳು. ಚೆನ್ನಾಗಿಲ್ಲ ಎಂದು ನಾನು ಜೋರಾಗಿಯೇ ಹೇಳಿದೆ. ಅವಳು ಕೀಳಲಿಲ್ಲ ಎಂದು ತಿಳಿಯಿತು. ಅದು ದೊಡ್ಡದೇ. ಆದರೆ ಆ ಊರು ಆಗ ಹೇಳಿದ್ದು ಏನೆಂದು ಮಂಗಳಾ ಬರೆದಿದ್ದಾಳೆ. ಅದನ್ನು ಕತ್ತರಿಸಿದವನು ನಾನು.

ಜನವರಿ 27, ಸೋಮವಾರ

ಸಣ್ಣಮಾದಯ್ಯ ಎಂದಿನಂತೆ ಚೀಲಕ್ಕೆ ಬಂದ. ಬಾಗಿಲಲ್ಲಿ ನಿಂತು ಬೀಡಿ ಹಚ್ಚಲು ಅಂಗಿಯ ಜೇಬಿನಿಂದ ಒಂದು ಕಾಗದದ ಸುರುಳಿ ತೆಗೆದ. ಹಳದಿ ಗೆರೆ ಕಾಗದ.

ನಾನು ಕೂಗಿದ ಕೂಗಿಗೆ ಎದುರು ಮನೆಯ ನಾಯಿ ಒಳಗೆ ಓಡಿತು.

"ಅಯ್ಯೋ ಯಜಮಾನ್ರೆ, ಚೀಲದ ಬಾಯಿಂದ ಬಿದ್ದಿತ್ತು, ಬೀಡಿಗೆ ಆಯ್ತದೆ ಅಂತ ಮಡಗಿದ್ದೆ! ಎಲ್ಡು ಮೂರು ಸುಟ್ಟುಬುಟ್ಟೆ!"

ಸುರುಳಿಯಲ್ಲಿ ಏಳೆಂಟು ಪಟ್ಟಿ. ಹೆಚ್ಚಿನವು ಖಾಲಿ. ಒಂದರ ತುದಿ ಸುಟ್ಟು ಕಪ್ಪಾಗಿತ್ತು. ಪುಸ್ತಕದ ಕೊನೆಯ ಪುಟ ತೆರೆದೆ, ಸಣ್ಣಮಾದಯ್ಯ ಹಿಡಿದುಕೊಂಡ. ಪುಟಕ್ಕೆ ತಾಗಿಸಿದೆ. ಅಕ್ಷರ ಒತ್ತಕ್ಷರದ ಮೇಲೆ ಕೂತಿತು.

"ಹೇಳಿದರು: ಹ್ಞೂಂ."

ಕೆಳಗೆ ಒಂದು ಗೆರೆ. ಮುಗಿಯಿತು.

"ಏನಂತೆ?" ಎಂದ ಸಣ್ಣಮಾದಯ್ಯ.

"ಹ್ಞೂಂ ಅಂತೆ."

"ಇಷ್ಟಕ್ಕೇ ನನ್ನ ಮೇಕೇನ ಒಂದಿನ ಉಪಾಸ ಕೆಡವಿದ್ರಾ?"

ಸುರುಳಿಯಲ್ಲಿ ಇನ್ನೊಂದು ಇತ್ತು. ಸಣ್ಣದು, ಪುಟದ ತಲೆಯ ಕಡೆಯದು. ಅದನ್ನು ನಾವು ಹುಡುಕಿರಲೇ ಇಲ್ಲ, ಪುಟದಲ್ಲಿ ಅದರ ಗುರುತೂ ಉಳಿದಿರಲಿಲ್ಲ. ಐದನೆಯ ನೋಟ್‌ಬುಕ್ಕಿನ ಮೊದಲ ಹಾಳೆಯದಿರಬೇಕು. ಪೆನ್ಸಿಲಿನಲ್ಲಿ ಬರೆದಿತ್ತು:

"ರೀ, ಅಂಚಿನಲ್ಲೂ ಬರೆದಿದೀನಿ. ನೀವು ಬೈಂಡ್ ಮಾಡುವಾಗ ಕಟಿಂಗ್ ಹಾಕ್ಬೇಡಿ."

ಮೆಷಿನ್ನಿನ ಪಕ್ಕದ ಬೆಂಚಿನ ಮೇಲೆ ಕೂತುಬಿಟ್ಟೆ. ಮೊದಲು ನಗು ಬಂತು. ತಡೆಯಲಾಗಲಿಲ್ಲ. ಆಮೇಲೆ ಇನ್ನೊಂದು ಬಂತು. ಸಣ್ಣಮಾದಯ್ಯ ಬೀಡಿ ಜೇಬಿಗೆ ಹಾಕಿಕೊಂಡು ಪಕ್ಕದಲ್ಲಿ ಕೂತ. ಹಾಗೇ ಕೂತೆವು. ಮೂರು ನಿಮಿಷಕ್ಕಿಂತ ಹೆಚ್ಚೇ ಆಗಿರಬೇಕು.

ಫೆಬ್ರವರಿ 1, ಶನಿವಾರ

ಸಂಜೆ ಏಳೂವರೆ. ಪುಸ್ತಕ ಮತ್ತೆ ಬಿಚ್ಚಿ ಹೊಸದಾಗಿ ಹೊಲಿದೆ. ಆರು ಪಟ್ಟಿ ಮತ್ತು ಆ ಒಂದು, ಎಲ್ಲವನ್ನೂ ತೆಳು ಕಾಗದದ ಆಸರೆ ಕೊಟ್ಟು ಅವುಗಳ ಜಾಗಕ್ಕೆ ಅಂಟಿಸಿದೆ. ಕಟಿಂಗ್ ಹಾಕಿಲ್ಲ. ಅಂಚು ಇಲಿ ಕಡಿದ ಹಾಗಿದೆ. ಲಿಂಗಯ್ಯನವರು ಇದ್ದಿದ್ದರೆ ಇದನ್ನು ನೋಡಿ ಅಂಗಡಿಯಿಂದ ಆಚೆ ಹಾಕುತ್ತಿದ್ದರು.

ಲಹರಿ ಬಂದು ತನ್ನ ಥೀಸಿಸ್ಸಿಗೆ ಇನ್ನೊಂದು ಅಧ್ಯಾಯ ಸೇರಿಸಬೇಕು, ಐದೂ ಪ್ರತಿ ಬಿಚ್ಚಿಕೊಡಿ ಅಂದಳು. ರೆಕ್ಸಿನ್ ಹಾಕಿ ಚಿನ್ನದ ಅಕ್ಷರ ಒತ್ತಿದ ಮೇಲೆ ಬಿಚ್ಚುವುದೆಂದರೆ ಏನು, ಹೊಲಿಗೆಯ ತೂತು ಎಷ್ಟು ಸಲ ತಾಳುತ್ತದೆ, ಓದಿದವರಿಗೆ ಇಷ್ಟೂ ತಿಳಿಯುವುದಿಲ್ಲವೇ ಎಂದು ಹತ್ತು ನಿಮಿಷ ಬೈದೆ. ಅವಳು ನಗುತ್ತ ನಿಂತಿದ್ದಳು. ಬಿಚ್ಚುತ್ತೇನೆ.

ಬೋರಮ್ಮನವರು ಹದಿನೆಂಟು ಜನ ಹಳೇ ಆಪರೇಟರುಗಳಿಗೆ ಫೋನ್ ಮಾಡಿದ್ದಾರೆ. ಅವರ ದನಿಗೆ ಫೋನಿನ ಅಗತ್ಯವಿರಲಿಲ್ಲ. ಸಣ್ಣಮಾದಯ್ಯ ಚಾಪೆ ತರುತ್ತಾನಂತೆ. ಉಪ್ಪಿಟ್ಟು, ಕೇಸರಿಬಾತು ಹೇಳಿದ್ದೇನೆ. ಉಪ್ಪಿಟ್ಟಿಗೆ ಉಪ್ಪು ಹದವಾಗಿರಲಿ, ಹೆಚ್ಚಾದರೆ ಹೇಳುತ್ತೇನೆ ಎಂದು ಅಡುಗೆಯವನಿಗೆ ಹೇಳಿದ್ದೇನೆ.

ನಾಳೆ ಹತ್ತು ಗಂಟೆಗೆ ಓದು. ಕೊನೆಯ ಅಧ್ಯಾಯ ಓದುವವನು ನಾನು.